ಜಾನ್ ಗಿಲ್ಬರ್ಟ್ ಮತ್ತು ಮೈಕು

ಕೇಳುಗರಿಗೆ ನಮಸ್ಕಾರ.

ಹಾಲಿವುಡ್ಡಿನ ಮೂಕಿಚಿತ್ರಗಳ ನಾಯಕ ಜಾನ್ ಗಿಲ್ಬರ್ಟ್ ಬಗ್ಗೆ ಒಂದು ಮಾತು ಇವತ್ತಿಗೂ ಓಡಾಡುತ್ತಿದೆ. ಟಾಕಿ, ಅಂದರೆ ಮಾತಾಡುವ ಚಿತ್ರ ಬಂತು, ಅವನ ಕೀರಲು ದನಿಗೆ ಜನ ನಕ್ಕರು, ಅಲ್ಲಿಗೆ ಅವನ ಕಥೆ ಮುಗಿಯಿತು ಅಂತ. ನಕ್ಕದ್ದು ಹೌದು, ಕೀರಲು ದನಿ ಮಾತ್ರ ಕಟ್ಟುಕಥೆ. ಅವನ ಟಾಕಿಗಳು ಉಳಿದಿವೆ, ಸಾಧಾರಣ ಗಂಡುದನಿಯೇ ಕೇಳಿಸುತ್ತದೆ.

1897ರಲ್ಲಿ ಯೂಟಾ ರಾಜ್ಯದ ಲೋಗನ್‌ನಲ್ಲಿ ಹುಟ್ಟಿದ. ಅಪ್ಪ ಅಮ್ಮ ನಾಟಕ ಕಂಪನಿಯವರು. 1915ರ ಹೊತ್ತಿಗೆ ಥಾಮಸ್ ಇನ್ಸ್ ಸ್ಟುಡಿಯೋದಲ್ಲಿ ಎಕ್ಸ್‌ಟ್ರಾ, ಆಮೇಲೆ ಚಿತ್ರಕಥೆ ಬರವಣಿಗೆ, ಫಾಕ್ಸ್ ಸ್ಟುಡಿಯೋದಲ್ಲಿ ಕೆಲವು ವರ್ಷ, 1924ಕ್ಕೆ ಎಂಜಿಎಂ ಸ್ಟುಡಿಯೋ. ಮರುವರ್ಷ ಕಿಂಗ್ ವಿಡಾರ್ ನಿರ್ದೇಶಿಸಿದ 'ದಿ ಬಿಗ್ ಪರೇಡ್' ಅವನನ್ನು ಮೊದಲ ಸಾಲಿಗೆ ತಂದಿತು. ಅದರಲ್ಲಿ ಸೈನಿಕರು ಕಾಡಿನೊಳಕ್ಕೆ ನಡೆದುಹೋಗುವ ದೃಶ್ಯವಿದೆ. ವಿಡಾರ್ ಮೆಟ್ರೊನೋಮ್, ಅಂದರೆ ಟಿಕ್ ಟಿಕ್ ಎಂದು ತಾಳ ಹಿಡಿಯುವ ಯಂತ್ರ, ಇಟ್ಟುಕೊಂಡು, ಆ ಲಯಕ್ಕೆ ದೊಡ್ಡ ಡ್ರಮ್ ಬಾರಿಸಿಸಿ, ಒಂದೊಂದು ಪೆಟ್ಟಿಗೆ ಒಂದೊಂದು ಹೆಜ್ಜೆ ಇಡಿಸಿದ. ಡ್ರಮ್ಮಿನ ಸದ್ದು ಪ್ರೇಕ್ಷಕರಿಗೆ ಕೇಳಿಸುವುದಿಲ್ಲ, ನಡಿಗೆಯಲ್ಲಿ ಕಾಣಿಸುತ್ತದೆ.

1926ರ 'ಫ್ಲೆಶ್ ಅಂಡ್ ದಿ ಡೆವಿಲ್'ನಲ್ಲಿ ಗಿಲ್ಬರ್ಟ್ ಕತ್ತಲ ತೋಟದಲ್ಲಿ ಬೆಂಕಿಕಡ್ಡಿ ಗೀರುತ್ತಾನೆ, ಗ್ರೇಟಾ ಗಾರ್ಬೊ ಅದನ್ನು ಊದಿ ಆರಿಸುತ್ತಾಳೆ. ಕಡ್ಡಿಯ ಬೆಳಕು ಆಗಿನ ಫಿಲ್ಮಿಗೆ ಎಲ್ಲಿ ಸಾಕಾಗಬೇಕು? ಛಾಯಾಗ್ರಾಹಕ ವಿಲಿಯಂ ಡೇನಿಯಲ್ಸ್ ನಟನ ಅಂಗೈಯಲ್ಲಿ ಪುಟ್ಟ ದೀಪ ಅಡಗಿಸಿದ. ಕೈ ಚೂರು ಆಚೆ ತಿರುಗಿದರೆ ದೀಪವೇ ಕ್ಯಾಮೆರಾಕ್ಕೆ ಸಿಕ್ಕಿಬೀಳುತ್ತದೆ, ಈಚೆ ತಿರುಗಿದರೆ ನಾಯಕಿಯ ಮುಖ ಕತ್ತಲಾಗುತ್ತದೆ. ಪ್ರೇಮಿಯ ಪಾತ್ರದ ಜೊತೆಗೆ ಲೈಟ್‌ಬಾಯ್ ಕೆಲಸವೂ ಅವನದೇ ಆಯಿತು ಅನ್ನಿ!

1928ರ ಕೊನೆಗೆ ಹೊಸ ಕರಾರು, ಚಿತ್ರವೊಂದಕ್ಕೆ 2,50,000 ಡಾಲರ್. ಅಷ್ಟರಲ್ಲಿ ಮೈಕು ಬಂತು. ಕ್ಯಾಮೆರಾದ ಗರಗರ ಸದ್ದು ಮೈಕಿಗೆ ಬೀಳದಂತೆ ಅದನ್ನು ಗಾಳಿಯಾಡದ ಗೂಡಿನೊಳಗೆ ಕೂರಿಸಿದರು, ಅದರ ಓಡಾಟ ನಿಂತಿತು. ಮೊದಲು ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುವಾಗ ವೇಗವನ್ನು ದೃಶ್ಯಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಮಾಡಬಹುದಿತ್ತು, ಈಗ ಸೆಕೆಂಡಿಗೆ 24 ಫ್ರೇಮು, ಕಟ್ಟುನಿಟ್ಟು. ನಟ ಮೈಕಿನಿಂದ ದೂರ ಸರಿದರೆ ಮಾತು ಬಿದ್ದುಹೋಗುತ್ತಿತ್ತು.

ಇವೆಲ್ಲ ಎಲ್ಲ ನಟರಿಗೂ ಬಂದ ಕಷ್ಟ. ಗಿಲ್ಬರ್ಟ್‌ಗೆ ಪೆಟ್ಟು ಕೊಟ್ಟದ್ದು ಸಂಭಾಷಣೆ. ಮೂಕಿಯಲ್ಲಿ ಅವನು ಕಣ್ಣಿನಲ್ಲೇ ಪ್ರೀತಿ ತೋಡಿಕೊಳ್ಳುತ್ತಿದ್ದ, ಪರದೆಯ ಕೆಳಗೆ ವಾದ್ಯದವರು ನುಡಿಸುತ್ತಿದ್ದರು, ಮಾತನ್ನು ಪ್ರೇಕ್ಷಕರು ತಾವೇ ಊಹಿಸಿಕೊಳ್ಳುತ್ತಿದ್ದರು. 1929ರ 'ಹಿಸ್ ಗ್ಲೋರಿಯಸ್ ನೈಟ್'ನಲ್ಲಿ ಅದೇ ಭಾವಾವೇಶದ ಮೇಲೆ ಮಾತು ಹೇರಿದರು. ರಂಗಭೂಮಿಯ ಧಾಟಿಯಲ್ಲಿ ಅಕ್ಷರ ಬಿಡಿಸಿ ಬಿಡಿಸಿ, ಮೇಲಿಂದ ಮೇಲೆ 'ಐ ಲವ್ ಯೂ'. ಯಾರ ದನಿಯಾದರೂ ಜನ ನಗುತ್ತಿದ್ದರು. ಸ್ಟುಡಿಯೋ ಮುಖ್ಯಸ್ಥ ಲೂಯಿ ಮೇಯರ್ ಬೇಕೆಂದೇ ದನಿ ಕೆಡಿಸಿದ ಎಂಬ ಗಾಳಿಮಾತೂ ಇದೆ. ಪುರಾವೆ ಇಲ್ಲ. ಇಂಥ ಸಂಭಾಷಣೆ ಇದ್ದಮೇಲೆ ಸಂಚಿನ ಅಗತ್ಯವಾದರೂ ಏನಿತ್ತು?

ಕರಾರು ಗಟ್ಟಿಯಾಗಿತ್ತು, ಸ್ಟುಡಿಯೋ ದುಡ್ಡು ಕೊಡಲೇಬೇಕಿತ್ತು. ಆದರೆ ಮುಂದಿನ ಕಥೆಗಳು ಬಹುಪಾಲು ಸಪ್ಪೆ. 1932ರಲ್ಲಿ ತಾನೇ ಬರೆದ ಕಥೆಯೊಂದನ್ನು ಒಂದೇ ಡಾಲರಿಗೆ ಎಂಜಿಎಂಗೆ ಕೊಟ್ಟ. ಅದೇ 'ಡೌನ್‌ಸ್ಟೇರ್ಸ್'. ಮನೆಯವರನ್ನೆಲ್ಲ ವಂಚಿಸುವ ಕಾರು ಚಾಲಕನ ಪಾತ್ರ. ಇಲ್ಲಿ ಪ್ರೇಮದ ಮಾತೆಲ್ಲ ಸುಳ್ಳೆಂದು ನೋಡುವವರಿಗೂ ಗೊತ್ತು, ಹಾಗಾಗಿ ಅದೇ ನಯಗಾರಿಕೆ ಪಾತ್ರಕ್ಕೆ ಒಪ್ಪುತ್ತದೆ. ಗಿಲ್ಬರ್ಟ್‌ನ ಟಾಕಿಗಳಲ್ಲಿ ಒಂದನ್ನೇ ನೋಡುವುದಾದರೆ ಇದನ್ನು ನೋಡಿ.

1933ರ 'ಕ್ವೀನ್ ಕ್ರಿಸ್ಟಿನಾ'ಗೆ ನಾಯಕನಾಗಿ ಇಂಗ್ಲೆಂಡಿನ ನಟ ಲಾರೆನ್ಸ್ ಒಲಿವಿಯೆ ಗೊತ್ತಾಗಿದ್ದ. ಗಾರ್ಬೊ ಪಟ್ಟು ಹಿಡಿದು ಗಿಲ್ಬರ್ಟ್‌ನನ್ನು ಹಾಕಿಸಿದಳು. ಅದಾದ ಮೇಲೆ ಅವನಿಗೆ ಸಿಕ್ಕದ್ದು ಇನ್ನೊಂದೇ ಚಿತ್ರ, 1934ರಲ್ಲಿ ಕೊಲಂಬಿಯಾ ಸಂಸ್ಥೆಯದು. 1936ರ ಜನವರಿ 9ರಂದು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ಆಗ 38.