ಸೇನಾ ವಿಮಾನಗಳ ಡಿಕ್ಕಿ: ತನಿಖಾ ವರದಿ ಯಾರ ಸ್ವತ್ತು?

ಎಲ್ಲರಿಗೂ ನಮಸ್ಕಾರ. 1992ರ ನವೆಂಬರ್ 30ರ ರಾತ್ರಿ ಅಮೆರಿಕದ ಮೊಂಟಾನಾದಲ್ಲಿ, ಹಾರುತ್ತಲೇ ಇಂಧನ ತುಂಬಿಸಿಕೊಳ್ಳುವ ತರಬೇತಿಗೆ ಹೊರಟಿದ್ದ ಎರಡು ಸಿ-141 ಸ್ಟಾರ್‌ಲಿಫ್ಟರ್ ಸಾಗಣೆ ವಿಮಾನಗಳು ಪರಸ್ಪರ ಡಿಕ್ಕಿಯಾಗಿ 13 ಮಂದಿ ಸತ್ತರು.

ಅಷ್ಟು ದೊಡ್ಡ ಆಕಾಶದಲ್ಲಿ ಎರಡು ವಿಮಾನಗಳು ತಾಗುವುದು ಹೇಗೆ ಎಂದು ಯಾರಿಗಾದರೂ ಅನಿಸೀತು. ಅವು ಬೇಕೆಂದೇ ಹತ್ತಿರ ಹಾರುತ್ತಿರುತ್ತವೆ. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತ ಮೇಲೆ ನಮ್ಮ ದೇಶದ ಪ್ರಯಾಣಿಕ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. ಆದರೆ ಫಾರ್ಮೇಶನ್ ಹಾರಾಟದಲ್ಲಿ, ಅಂದರೆ ಒಂದಕ್ಕೊಂದು ಹೊಂದಿಕೊಂಡು ಗುಂಪಾಗಿ ಹಾರುವಾಗ, ಪಕ್ಕದ ವಿಮಾನ ಸದಾ ಅಪಾಯದ ಅಂತರದಲ್ಲೇ ಇರುವುದರಿಂದ ಅಂಥ ಎಚ್ಚರಿಕೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಕತ್ತಲೆಯಲ್ಲಿ ಹಿಂದಿನ ಪೈಲಟ್‌ಗೆ ಕಾಣುವುದು ಮುಂದಿನ ವಿಮಾನದ ಕೆಲವು ದೀಪಗಳು ಮಾತ್ರ. ಆ ದೀಪಗಳ ನಡುವಿನ ಅಂತರ ಹಿಗ್ಗುತ್ತಿದೆ ಎಂದರೆ ತಾನು ಸಮೀಪಿಸುತ್ತಿದ್ದೇನೆ ಎಂದು ಆತ ತಿಳಿಯಬೇಕು. ಮೊದಮೊದಲು ಆ ಹಿಗ್ಗುವಿಕೆ ಕಣ್ಣಿಗೆ ನಾಟುವುದೇ ಇಲ್ಲ, ನಾಟುವಷ್ಟರಲ್ಲಿ ಅಂತರ ತೀರ ಕಡಿಮೆಯಾಗಿರುತ್ತದೆ, ನಾಲ್ಕು ಎಂಜಿನ್‌ಗಳ ಭಾರೀ ವಿಮಾನವಾದರೋ ಫೈಟರ್‌ನಂತೆ ಥಟ್ಟನೆ ಹೊರಳುವುದಿಲ್ಲ.

ಹಾಗೆಂದು ಈ ತರಬೇತಿಯನ್ನು ನಿಲ್ಲಿಸಿ ಎನ್ನುವವನು ನಾನಲ್ಲ. ನನ್ನ ತಕರಾರು ಇರುವುದು ಆಮೇಲಿನ ಮೌನದ ಬಗ್ಗೆ. 2002ರ ಅಕ್ಟೋಬರ್‌ನಲ್ಲಿ ನಮ್ಮದೇ ಕರಾವಳಿಯ ಗೋವಾದಲ್ಲಿ ನೌಕಾಪಡೆಯ ಎರಡು ಐಎಲ್-38 ವಿಮಾನಗಳು ಡಿಕ್ಕಿಯಾಗಿ ಅವುಗಳಲ್ಲಿದ್ದ 12 ಮಂದಿಯೂ ಸತ್ತರು. 2012ರ ಆಗಸ್ಟ್‌ನಲ್ಲಿ ಜಾಮ್‌ನಗರದ ಬಳಿ ಎರಡು ಎಂಐ-17 ಹೆಲಿಕಾಪ್ಟರ್‌ಗಳು ಡಿಕ್ಕಿಯಾಗಿ 9 ಮಂದಿ ಸತ್ತರು. ನಮ್ಮಲ್ಲಿ ಸೇನಾ ಅಪಘಾತಗಳಿಗೆ ಆಂತರಿಕ ತನಿಖೆ ನಡೆಯುತ್ತದೆ, ಆದರೆ ಪೂರ್ಣ ವರದಿಯನ್ನು ಪ್ರಕಟಿಸುವ ವಾಡಿಕೆ ಇಲ್ಲ.

ವರದಿ ಹೊರಬಂದರೆ ಏನಾಗುತ್ತದೆ ಎಂಬುದನ್ನು ಮಂಗಳೂರಿನವರು ಬಲ್ಲರು. 2010ರ ಮೇ 22ರಂದು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಪ್ರಯಾಣಿಕ ವಿಮಾನಕ್ಕೆ ಆದ, 158 ಮಂದಿ ಸತ್ತ ಅಪಘಾತದ ತನಿಖಾ ವರದಿ, ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ರಿಸಿದ್ದನ್ನೂ, ಇಳಿಯದೆ ಮತ್ತೆ ಮೇಲೇರೋಣವೆಂದು ಸಹಪೈಲಟ್ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಆ ತನಿಖೆಯ ಮುಖ್ಯಸ್ಥರಾಗಿದ್ದವರು ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ, ಅಂದರೆ ವಾಯುಪಡೆಯವರೇ, ಎಂಬುದನ್ನು ಇಲ್ಲಿ ನೆನಪಿಸಲೇಬೇಕು.

ಎಲ್ಲವೂ ಬಯಲಾಗುವುದಾದರೆ ಪೈಲಟ್‌ಗಳು ತನಿಖೆಯಲ್ಲಿ ನಿಜ ಹೇಳಲು ಹಿಂಜರಿಯುತ್ತಾರೆ ಎಂಬ ಆಕ್ಷೇಪವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಮೆರಿಕದ ವಾಯುಪಡೆ ಇದಕ್ಕೆಂದೇ ಎರಡು ತನಿಖೆಗಳನ್ನು ಬೇರೆ ಬೇರೆಯಾಗಿ ನಡೆಸುತ್ತದೆ: ಸುರಕ್ಷತೆಯದ್ದು ಗೋಪ್ಯ, ಅಪಘಾತದ್ದು ಬಹಿರಂಗ. ನಮ್ಮಲ್ಲಿಯೂ ವಿಮಾನದ ಸಾಮರ್ಥ್ಯ, ಕಾರ್ಯಾಚರಣೆಯ ವಿವರ, ಸಾಕ್ಷಿಗಳ ಹೆಸರುಗಳನ್ನು ತೆಗೆದಿಟ್ಟು, ಅಪಘಾತದ ಕಾರಣವನ್ನೂ ಅದರ ಮೇಲೆ ಕೈಗೊಂಡ ಕ್ರಮವನ್ನೂ ರಕ್ಷಣಾ ಸಚಿವಾಲಯ ಒಂದು ವರ್ಷದೊಳಗೆ ಸಂಸತ್ತಿನಲ್ಲಿ ಮಂಡಿಸಲಿ. ಅದರ ಪ್ರತಿ ಸತ್ತವರ ಮನೆಗೆ ಅದಕ್ಕೂ ಮೊದಲೇ ತಲುಪಲಿ.