ಸ್ತನ ಕ್ಯಾನ್ಸರಿಗೆ ಒಳಗಿನಿಂದ ವಿಕಿರಣ: ಆ ಐದು ದಿನಗಳಲ್ಲಿ ಏನಾಗುತ್ತದೆ?

ಪರದೆಯ ಮೇಲಿರುವುದು ನನ್ನ ಎಡ ಸ್ತನದ ರೇಖಾಚಿತ್ರ. ನಾನೇ ಬಿಡಿಸಿದ್ದು. ಕೆಂಪು ಬಣ್ಣ ಹಚ್ಚಿರುವ ಕಡೆ ಗಡ್ಡೆಯಿತ್ತು. ಅದರ ಆಚೀಚೆ ಸಾಲಾಗಿ ಕಾಣುವ ಗೆರೆಗಳು ತೆಳುವಾದ ಪ್ಲಾಸ್ಟಿಕ್ ನಳಿಕೆಗಳು. ಚರ್ಮದ ಒಂದು ಬದಿಯಿಂದ ಒಳಹೊಕ್ಕು ಇನ್ನೊಂದು ಬದಿಯಿಂದ ಹೊರಬರುತ್ತವೆ. ಜಾರದಂತೆ ತುದಿಗಳಿಗೆ ಪುಟ್ಟ ಗುಂಡಿಗಳು. ಚಿತ್ರ ನೋಡಿದರೆ ಭಯವಾಗುತ್ತದೆ, ನನಗೂ ಆಗಿತ್ತು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು. ಅದಕ್ಕೇ ಈ ವಿಡಿಯೋ.

ನಮ್ಮ ಊರ ಕಡೆ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೊರಗಿನ ಯಂತ್ರದಿಂದ ಇಡೀ ಸ್ತನಕ್ಕೆ ಮೂರರಿಂದ ಐದು ವಾರ ಕೊಡುತ್ತಾರೆ. ಈ ನಳಿಕೆಗಳ ಮೂಲಕ ಒಳಗಿನಿಂದ ವಿಕಿರಣ ಕೊಡುವ ಬ್ರಾಕಿಥೆರಪಿಯಲ್ಲಿ ಗಡ್ಡೆ ತೆಗೆದ ಜಾಗಕ್ಕೂ ಅದರ ಸುತ್ತಲಿನ ಸ್ವಲ್ಪ ಅಂಚಿಗೂ ಮಾತ್ರ. ಸ್ತನ ಉಳಿಸಿ ಗಡ್ಡೆ ತೆಗೆದವರಲ್ಲಿ ಅದೇ ಸ್ತನದಲ್ಲಿ ರೋಗ ಮತ್ತೆ ತಲೆಯೆತ್ತಿದರೆ ಬಹುಪಾಲು ಹಳೆಯ ಜಾಗದ ಆಸುಪಾಸಿನಲ್ಲೇ ಎತ್ತುತ್ತದೆ. ಹಾಗಾಗಿ ಅಲ್ಲಿಗೇ ಗುರಿಯಿಟ್ಟು, ಹೃದಯಕ್ಕೂ ಶ್ವಾಸಕೋಶಕ್ಕೂ ತಗಲುವ ಪ್ರಮಾಣವನ್ನು ಕಡಿಮೆ ಮಾಡುತ್ತಾರೆ.

ಇದು ಸಾಕಾಗುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಯುರೋಪಿನ 1,184 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಐದು ವರ್ಷಗಳಲ್ಲಿ ಅದೇ ಸ್ತನದಲ್ಲಿ ರೋಗ ಮರಳಿದ್ದು ನಳಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ 1.44, ಇಡೀ ಸ್ತನಕ್ಕೆ ವಿಕಿರಣ ಪಡೆದವರಲ್ಲಿ ಶೇ 0.92. ಇಷ್ಟು ಸಣ್ಣ ಅಂತರದಿಂದ ನಳಿಕೆಯ ಚಿಕಿತ್ಸೆಯನ್ನು ಕಡಿಮೆ ಎನ್ನಲಾಗದು ಎಂದು ಸಂಶೋಧಕರು ತೀರ್ಮಾನಿಸಿದರು. ಆದರೆ ಆ ಮಹಿಳೆಯರನ್ನು ಆರಿಸಿದ್ದು ಅಳೆದು ತೂಗಿ: ವಯಸ್ಸು ನಲವತ್ತು ದಾಟಿರಬೇಕು, ಗಡ್ಡೆ ಮೂರು ಸೆಂಟಿಮೀಟರ್ ಮೀರಿರಬಾರದು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿರಬಾರದು. ಕಂಕುಳಿನ ಗ್ರಂಥಿಗಳಿಗೆ ರೋಗ ಹರಡಿದವರಿಗೆ ಸಾಮಾನ್ಯವಾಗಿ ಇದನ್ನು ಸೂಚಿಸುವುದಿಲ್ಲ.

ನಳಿಕೆ ಹಾಕುವಾಗ ಅರಿವಳಿಕೆ ಇರುತ್ತದೆ. ಆಮೇಲೆ ಸಿಟಿ ಸ್ಕ್ಯಾನ್. ಅದನ್ನು ನೋಡಿಕೊಂಡು ಯಾವ ನಳಿಕೆಯಲ್ಲಿ, ಯಾವ ಬಿಂದುವಿನಲ್ಲಿ, ಎಷ್ಟು ಸೆಕೆಂಡು ವಿಕಿರಣ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಮುಗಿಯುವವರೆಗೆ ಸುಮ್ಮನೆ ಕಾಯಬೇಕು.

ಚಿಕಿತ್ಸೆಯ ಕೋಣೆಯಲ್ಲಿ ನಳಿಕೆಗಳನ್ನು ಒಂದೊಂದಾಗಿ ಯಂತ್ರದ ಕೇಬಲ್‌ಗಳಿಗೆ ಜೋಡಿಸುತ್ತಾರೆ. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಹೋಗುತ್ತಾರೆ. ಕ್ಯಾಮೆರಾದಲ್ಲಿ ನಿಮ್ಮನ್ನು ನೋಡುತ್ತಿರುತ್ತಾರೆ, ಮಾತಾಡಿದರೆ ಅವರಿಗೆ ಕೇಳಿಸುತ್ತದೆ. ಯಂತ್ರದಿಂದ ಬರುವ ತಂತಿಯ ತುದಿಯಲ್ಲಿ ಇರಿಡಿಯಂ-192 ಎಂಬ ವಿಕಿರಣ ಸೂಸುವ ಲೋಹದ ತುಣುಕು ಇರುತ್ತದೆ. ಅಕ್ಕಿ ಕಾಳಿಗಿಂತ ಚಿಕ್ಕದಾದ ಅದು ಒಂದು ನಳಿಕೆಯೊಳಗೆ ಹೋಗಿ ಅಲ್ಲಲ್ಲಿ ನಿಂತು ಹಿಂದಿರುಗಿ ಮುಂದಿನ ನಳಿಕೆಗೆ ಹೋಗುತ್ತದೆ. ಮೈಗೆ ಏನೂ ತಿಳಿಯುವುದಿಲ್ಲ, ಯಂತ್ರದ ಸದ್ದು ಮಾತ್ರ. ಕೆಲವೇ ನಿಮಿಷಗಳ ಕೆಲಸ. ಪಕ್ಕದ ಹಾಸಿಗೆಯವರಿಗಿಂತ ನಿಮಗೆ ಹೆಚ್ಚು ಹೊತ್ತು ಹಿಡಿದರೆ ಗಾಬರಿ ಬೇಡ. ನಳಿಕೆಗಳ ಸಂಖ್ಯೆ ಎಲ್ಲರಿಗೂ ಒಂದೇ ಅಲ್ಲ, ಜೊತೆಗೆ ಇರಿಡಿಯಂ ಸುಮಾರು 74 ದಿನಗಳಲ್ಲಿ ಅರ್ಧ ಶಕ್ತಿ ಕಳೆದುಕೊಳ್ಳುವುದರಿಂದ ಅದು ಹಳೆಯದಾದಷ್ಟೂ ಸಮಯ ಹೆಚ್ಚು ಬೇಕಾಗುತ್ತದೆ.

ಸಾಮಾನ್ಯ ಕ್ರಮವೊಂದರಲ್ಲಿ ಐದು ದಿನ, ದಿನಕ್ಕೆರಡು ಬಾರಿ, ಒಟ್ಟು 34 ಗ್ರೇ (ಮೈ ಹೀರಿಕೊಳ್ಳುವ ವಿಕಿರಣದ ಅಳತೆ). ಎರಡರ ನಡುವೆ ಕನಿಷ್ಠ ಆರು ಗಂಟೆ ಬಿಡುತ್ತಾರೆ, ಆರೋಗ್ಯವಂತ ಕೋಶಗಳು ಚೇತರಿಸಿಕೊಳ್ಳಲಿ ಎಂದು.

ಆ ಆರು ಗಂಟೆಗಳೇ ನಿಜವಾದ ಚಿಕಿತ್ಸೆ ಎಂದು ನನಗನ್ನಿಸಿತು. ನಳಿಕೆಗಳು ಎದೆಯಲ್ಲೇ ಇರುತ್ತವೆ. ಒಮ್ಮೆ ಸೆರಗಿನ ಎಳೆಯೊಂದು ಗುಂಡಿಗೆ ಸಿಕ್ಕಿ ಎಳೆದಾಗ ಜೀವ ಬಾಯಿಗೆ ಬಂತು. ಸೀರೆ ಅಲ್ಲಿಗೆ ಮುಗಿಯಿತು. ಮುಂದೆ ತೆರೆಯುವ ಸಡಿಲವಾದ ಹತ್ತಿಯ ನೈಟಿ ಎರಡು ಮೂರು ಇಟ್ಟುಕೊಳ್ಳಿ. ಸ್ನಾನ ಬೇಡ, ಸೊಂಟದಿಂದ ಕೆಳಗೆ ನೀರು, ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮಲಗುವಾಗ ತೋಳಿನ ಕೆಳಗೊಂದು ದಿಂಬು. ಜ್ವರ ಬಂದರೆ, ಕೀವು ಕಂಡರೆ, ಕೆಂಪು ಹರಡಿದರೆ ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ತಿಳಿಸಿ. ಹೆದರಬೇಕಾದದ್ದು ಸೋಂಕಿಗೆ.

ವಿಕಿರಣ ಮೈಯಲ್ಲಿ ಉಳಿಯುತ್ತದೆ ಎಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ನನ್ನ ನಾದಿನಿ ಫೋನಿನಲ್ಲಿ ತಡವರಿಸುತ್ತಾ, “ಮಗುವನ್ನು ಕರೆತರಬಹುದೇ ಅತ್ತಿಗೆ, ಅದಕ್ಕೇನೂ ಆಗುವುದಿಲ್ಲವೇ?” ಎಂದಳು. ಪ್ರೀತಿಯಿಂದಲೇ ಕೇಳಿದ್ದು, ಆದರೂ ನನಗೆ ಅಳು ಬಂತು. ತಂತಿ ಯಂತ್ರದೊಳಕ್ಕೆ ಹಿಂದಿರುಗಿದ ಮೇಲೆ ಮೈಯಲ್ಲಿ ವಿಕಿರಣದ ಕಣವೂ ಉಳಿದಿರುವುದಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ದಯವಿಟ್ಟು ರೋಗಿಯನ್ನು ದೂರ ಕೂರಿಸಬೇಡಿ. ಶಾಶ್ವತವಾಗಿ ಒಳಗೇ ಉಳಿಯುವ ವಿಕಿರಣ ಬೀಜಗಳ ಚಿಕಿತ್ಸೆ ಬೇರೆ, ಅದಕ್ಕೆ ಬೇರೆ ನಿಯಮಗಳಿವೆ.

ಕೊನೆಯ ದಿನ ಗುಂಡಿ ಕತ್ತರಿಸಿ ನಳಿಕೆಗಳನ್ನು ಎಳೆದು ತೆಗೆಯುತ್ತಾರೆ. ಉರಿಯುತ್ತದೆ, ಸ್ವಲ್ಪ ರಕ್ತ ಬರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಇದರಿಂದ ತಲೆಗೂದಲು ಉದುರುವುದಿಲ್ಲ. ನಳಿಕೆ ಇದ್ದಲ್ಲಿ ಕಪ್ಪು ಚುಕ್ಕೆಗಳು ಉಳಿಯಬಹುದು, ಒಳಗೆ ಗಟ್ಟಿಯಾಗಬಹುದು. ಕೆಲವೊಮ್ಮೆ ಕೊಬ್ಬಿನ ಅಂಗಾಂಶ ಸತ್ತು ಗಂಟಾಗಿ ಕೈಗೆ ಸಿಗುತ್ತದೆ. ಅಂಥ ಗಂಟು ಸಿಕ್ಕರೆ ನೀವೇ ತೀರ್ಮಾನಿಸದೆ ತೋರಿಸಿ, ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಂ ತಪ್ಪಿಸಬೇಡಿ.

ಈ ಚಿಕಿತ್ಸೆ ಎಲ್ಲ ಆಸ್ಪತ್ರೆಗಳಲ್ಲೂ ಇಲ್ಲ, ನಳಿಕೆ ಹಾಕುವುದಕ್ಕೆ ಪಳಗಿದ ಕೈ ಬೇಕು. ಅಂಥವರು ಹತ್ತಿರದಲ್ಲಿ ಇಲ್ಲದಿದ್ದರೆ ಹೊರಗಿನ ಯಂತ್ರದಿಂದಲೇ ಒಂದೇ ವಾರದಲ್ಲಿ ಐದು ಬಾರಿ ಕೊಡುವ ಕ್ರಮವೂ ಇದೆ, ಅದನ್ನೂ ಕೇಳಿ. ಕೆಲವರಿಗೆ ಗಡ್ಡೆ ತೆಗೆಯುವಾಗಲೇ ನಳಿಕೆ ಹಾಕುತ್ತಾರೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗುವ ಮೊದಲೇ ವಿಕಿರಣ ತಜ್ಞರನ್ನು ಭೇಟಿಯಾಗಿ, ನನಗೆ ಇದು ಹೊಂದುತ್ತದೆಯೇ, ಇಲ್ಲಿ ಎಷ್ಟು ಜನರಿಗೆ ಮಾಡಿದ್ದೀರಿ, ಆಯುಷ್ಮಾನ್ ಕಾರ್ಡಿನಲ್ಲಿ ಎಷ್ಟು ಸಿಗುತ್ತದೆ ಎಂದು ನೇರವಾಗಿ ಕೇಳಿ.