ಯಾರು ಯಾರಿಗೆ ಬಾಗಬೇಕು?

ಎಲ್ಲರಿಗೂ ಶರಣು. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ, ಅದೂ ಭಾನುವಾರ, ಮಕ್ಕಳನ್ನು ಕಟ್ಟಿಕೊಂಡು ಇಷ್ಟು ಜನ ಬಂದಿದ್ದೀರಿ. ಶಿಬಿರದ ಕೊನೇ ದಿನ, ನಾಲ್ಕು ಮಾತಾಡಿ ಅಂದರು. ಕರಾಟೆಯಿಂದ ಶಿಸ್ತು ಬರುತ್ತೆ, ಗೌರವ ಬರುತ್ತೆ ಅಂತ ಹೇಳಿ ಕೂತರೆ ನಿಮಗೂ ಖುಷಿ, ನನಗೂ ಸುಲಭ. ಆದರೆ ಇವತ್ತು ಒಂದು ಹೊಡೆತದ ಕಥೆ ಹೇಳೋಣ ಅಂತ ಬಂದಿದ್ದೇನೆ. ಹೊಡೆದವನು ನಾನೇ.

ಆಗ ನನಗೆ 19 ವರ್ಷ. ಬ್ರೌನ್ ಬೆಲ್ಟ್, ಬ್ಲ್ಯಾಕ್ ಬೆಲ್ಟಿಗೆ ಸ್ವಲ್ಪವೇ ಕೆಳಗೆ. ಸರ್ ಬರೋದು ತಡವಾದರೆ ಕ್ಲಾಸು ನನ್ನದೇ. ಹೊಸ ಹುಡುಗರು ನನ್ನನ್ನು ಕಂಡರೆ ಸಾಲಾಗಿ ನಿಂತು ಬಾಗುತ್ತಿದ್ದರು, ಅದು ನನಗೆ ಸಂಜೆ ಚಹಾದ ಥರ ಚಟವಾಗಿತ್ತು. ಒಂದು ದಿನ 13 ವರ್ಷದ ಯೆಲ್ಲೋ ಬೆಲ್ಟ್ ಹುಡುಗನೊಬ್ಬ ಬಾಗೋದು ಮರೆತು, ಪಕ್ಕದವನಿಗೆ ಏನೋ ಹೇಳಿ ನಕ್ಕ. ಸುಮ್ನೆ ನಕ್ಕಿದ್ದ, ಅಷ್ಟೇ. ನಾನು ಅವನನ್ನೇ ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಕಾಳಗಕ್ಕೆ ಕರೆದೆ. ಮುಖದ ಹತ್ತಿರ ಹೋಗಿ ನಿಲ್ಲಬೇಕಾದ ಮುಷ್ಟಿಯನ್ನು ನಿಲ್ಲಿಸಲಿಲ್ಲ. ಕೈ ತಪ್ಪಿತು ಅಂತ ಎಲ್ಲರಿಗೂ ಹೇಳಿದೆ. ತಪ್ಪಿರಲಿಲ್ಲ.

ಸರ್‌ಗೆ ಗೊತ್ತಾಯಿತು. ಬೈಯಲಿಲ್ಲ. "ಅವ್ನಿಗಿ ಮನಿತನ ಬಿಟ್ಟು ಬಾ. ಏನಾಯ್ತು ಅಂತ ಅವರ ಅವ್ವಗ ನೀನೇ ಹೇಳು" ಅಂದರು.

ನಾನು ಸೈಕಲ್ ತಳ್ಳಿಕೊಂಡು, ಅವನು ತುಟಿಗೆ ಕರ್ಚೀಫು ಒತ್ತಿಕೊಂಡು, ಮಾತಿಲ್ಲದೆ ಹೋದೆವು. ಅವರವ್ವ ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ನೋಡಿ ಕೈಗೆ ಹತ್ತಿದ ಹಿಟ್ಟು ಸೆರಗಿಗೆ ಒರೆಸಿಕೊಂಡು ಎದ್ದು ನಿಂತು, "ಬರ್ರಿ ಸರ್, ಕೂಡ್ರಿ" ಅಂದರು. ನನಗೆ ಸರ್! ನಾನು ಬಾಯಿ ತೆರೆಯೋ ಮೊದಲೇ ಹುಡುಗ, "ನಾನೇ ಕಾಲು ಜಾರಿ ಬಿದ್ದೀನಿ ಅವ್ವ" ಅಂದುಬಿಟ್ಟ. ನಾನು ಹೇಳಲಿಲ್ಲ. ಚಹಾ ಕುಡಿದು ವಾಪಸ್ ಬಂದೆ. ಮರುದಿನ ಹುಡುಗ ಎಲ್ಲರಿಗಿಂತ ಜಾಸ್ತಿ ಬಾಗಿದ. ಒಂದು ತಿಂಗಳೊಳಗೆ ಕ್ಲಾಸು ಬಿಟ್ಟ. ಅವನು ಬಾಗಿದ್ದನ್ನು ಹೊರಗಿನವರು ಯಾರಾದರೂ ನೋಡಿದ್ದರೆ, ಎಂಥ ಶಿಸ್ತಿನ ಕ್ಲಾಸು ಅಂತ ಮೆಚ್ಚಿಕೊಂಡೇ ಹೋಗುತ್ತಿದ್ದರು.

ಆ ಮೇಲೆ ನನಗೆ ಈ ಬೆಲ್ಟ್ ಅನ್ನೋದು ಎಲ್ಲಿಂದ ಬಂತು ಅಂತ ತಿಳಿಯೋ ಹುಚ್ಚು ಹಿಡಿಯಿತು. ಇದು ಸಾವಿರಾರು ವರ್ಷದ ಪದ್ಧತಿ ಅಂದುಕೊಂಡಿದ್ದೇವೆ, ಅಲ್ವಾ? ಅಲ್ಲ. ಜಿಗೊರೊ ಕಾನೊ ಅನ್ನೋ ಮೇಷ್ಟ್ರು 1882ರಲ್ಲಿ ಟೋಕಿಯೊದಲ್ಲಿ ಜೂಡೊ ಶುರು ಮಾಡಿ, ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಡಾನ್ ಅಂದರೆ ಈಗ ಬ್ಲ್ಯಾಕ್ ಬೆಲ್ಟ್ ಕಟ್ಟೋರ ದರ್ಜೆ. ಅದಕ್ಕೂ ಮುಂಚೆ ಗುರುಗಳು ಕಲಿತವರಿಗೆ ಕಾಗದದ ಸುರುಳಿಯಲ್ಲಿ ಪರವಾನಗಿ ಬರೆದು ಕೊಡುತ್ತಿದ್ದರು. ಕರಾಟೆ ಹುಟ್ಟಿದ ಒಕಿನಾವಾ ದ್ವೀಪದ ಹಳೇ ಕರಾಟೆಯಲ್ಲಂತೂ ಬೆಲ್ಟೇ ಇರಲಿಲ್ಲ. ಅಲ್ಲಿನ ಫುನಾಕೊಶಿ ಅನ್ನೋ ಮೇಷ್ಟ್ರು ಕರಾಟೆಯನ್ನು ಟೋಕಿಯೊಗೆ ತಂದರು, 1924ರಲ್ಲಿ ಮೊದಲ ಸಲ ಡಾನ್ ಕೊಟ್ಟರು, ಅದೂ ಕಾನೊ ಅವರ ಪದ್ಧತಿ ನೋಡಿ. ಅಂದರೆ ನಾನು ಒಬ್ಬ ಹುಡುಗನ ತುಟಿ ಒಡೆದದ್ದು ನೂರು ಚಿಲ್ಲರೆ ವರ್ಷದ ಒಂದು ಬಟ್ಟೆ ಪಟ್ಟಿಯ ಸೊಕ್ಕಿಗೆ.

ಇನ್ನೊಂದು. ಬ್ಲ್ಯಾಕ್ ಬೆಲ್ಟಿನ ಮೊದಲ ದರ್ಜೆಗೆ ಶೋಡಾನ್ ಅಂತಾರೆ. ಅದರ ಅರ್ಥ ಮೊದಲನೇ ಮೆಟ್ಟಿಲು. ನೀವು ಫೋನ್ ಮಾಡಿ, ಸರ್ ನಮ್ಮ ಮಗನ ಕರಾಟೆ ಯಾವಾಗ ಮುಗಿಯುತ್ತೆ, ಬ್ಲ್ಯಾಕ್ ಬೆಲ್ಟ್ ಯಾವಾಗ ಅಂತ ಕೇಳ್ತೀರಲ್ಲ, ಆಗ ಏನು ಹೇಳಬೇಕೋ ತಿಳಿಯಲ್ಲ. ತಪ್ಪು ನಿಮ್ಮೊಬ್ಬರದ್ದೇ ಅಲ್ಲ ಬಿಡಿ. ಮೂರು ತಿಂಗಳಿಗೊಂದು ಗ್ರೇಡಿಂಗ್ ಅನ್ನೋ ಬೆಲ್ಟ್ ಪರೀಕ್ಷೆ, ಪ್ರತಿ ಬಣ್ಣಕ್ಕೂ ಒಂದು ಫೀಸು. ನಾನೂ ತಗೋತೀನಿ, ಸುಳ್ಳು ಯಾಕೆ ಹೇಳಲಿ.

ನಮ್ಮ ಕಡೆ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಬೆಲ್ಟ್ ಇಲ್ಲ, ಲಂಗೋಟ ಎಲ್ಲರಿಗೂ ಒಂದೇ. ಹಾಗಂತ ದೊಡ್ಡವರು ಸಣ್ಣವರು ಇಲ್ಲ ಅಂತಲ್ಲ. ಜಾತ್ರೆ ಕುಸ್ತಿ ನೋಡಿದವರಿಗೆ ಗೊತ್ತು, ಮೊದಲು ಸಣ್ಣ ಹುಡುಗರದ್ದು ತೆಂಗಿನಕಾಯಿ ಕುಸ್ತಿ, ಆಮೇಲೆ ರೊಕ್ಕದ್ದು, ಕೊನೆಗೆ ಬೆಳ್ಳಿ ಕಡಗದ್ದು. ಯಾರಿಗೆ ಯಾರು ಜೋಡಿ ಅಂತ ತಿಳಿದವರು ಮೈಕಟ್ಟು ನೋಡಿ ಹಚ್ಚುತ್ತಾರೆ. ತೆಂಗಿನಕಾಯಿ ಹುಡುಗನನ್ನು ಕಡಗದ ಪೈಲ್ವಾನನ ಮುಂದೆ ಬಿಟ್ಟರೆ ಜನ ಸುಮ್ಮನೆ ಇರಲ್ಲ, ಎದ್ದು ಕೂಗುತ್ತಾರೆ. ಬ್ರೌನ್ ಬೆಲ್ಟ್ ನಾನು ಯೆಲ್ಲೋ ಬೆಲ್ಟ್ ಹುಡುಗನನ್ನು ಕರೆದಾಗ ಯಾರೂ ಕೂಗಲಿಲ್ಲ. ಹಾಗಂತ ತಾಲೀಮೇ ಚಿನ್ನ ಅಂತಲೂ ಹೇಳಲ್ಲ. ಉಸ್ತಾದರ ಹೆಸರಲ್ಲಿ ಹುಡುಗರಿಂದ ಕಾಲು ಒತ್ತಿಸಿಕೊಂಡ ದೊಡ್ಡ ಪೈಲ್ವಾನರ ಕಥೆಗಳು ಅಲ್ಲೂ ಬೇಕಾದಷ್ಟಿವೆ.

ಬಾಗೋದರ ಬಗ್ಗೆ ಹೇಳಿಬಿಡ್ತೀನಿ. ಡೋಜೋದಲ್ಲಿ, ಅಂದರೆ ಕರಾಟೆ ಕಲಿಯೋ ಜಾಗದಲ್ಲಿ, ಮಕ್ಕಳು ಬಾಗಿದರೆ ಕಲಿಸೋ ಸೆನ್ಸೆಯೂ ಬಾಗಬೇಕು. ಅದು ನಮ್ಮ ಶರಣು ಇದ್ದ ಹಾಗೆ. ಒಬ್ಬರು ಶರಣು ಅಂದರೆ ಎದುರಿನವರು ಶರಣಾರ್ಥಿ ಅನ್ನಬೇಕು, ಅನ್ನದೆ ಮುಂದೆ ಹೋದರೆ ಊರಲ್ಲಿ ಏನಂತಾರೆ ನಿಮಗೇ ಗೊತ್ತು. ಎದುರಿಗೆ ನಿಂತವನು ತನ್ನ ಮುಖ, ಪಕ್ಕೆಲುಬು, ಮೊಣಕಾಲು ಎಲ್ಲ ನನ್ನ ಕಲಿಕೆಗೆ ಬಿಟ್ಟುಕೊಟ್ಟಿದ್ದಾನೆ. ನನ್ನ ಬೆಲ್ಟ್ ದೊಡ್ಡದಾದಷ್ಟು ಅವನ್ನು ಕಾಯೋ ಜವಾಬ್ದಾರಿ ನನ್ನ ಮೇಲೆ ಜಾಸ್ತಿ.

ಈಗ ನಮ್ಮ ಬೆಳಗಿನ ಬ್ಯಾಚಿನಲ್ಲಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರೋ ಹಮಾಲಿ ಕಾಕಾ ಒಬ್ಬರಿದ್ದಾರೆ. 42 ವರ್ಷ, ವೈಟ್ ಬೆಲ್ಟ್. ಬೆಲ್ಟಿನ ಲೆಕ್ಕದಲ್ಲಿ ಸಾಲು ನಿಂತರೆ ಅವರಿಗಿಂತ ಮುಂದೆ ನಿಲ್ಲೋದು 11 ವರ್ಷದ ಗ್ರೀನ್ ಬೆಲ್ಟ್ ಹುಡುಗಿ. ಮೊದಲ ವಾರ ನನಗೇ ಕಸಿವಿಸಿ, ಇವರು ಏನಂದುಕೊಳ್ತಾರೋ ಅಂತ. ಮೊನ್ನೆ ನೋಡಿದೆ, ಕಾಕಾ ಹಿಂದಿನ ಕಾಲು ಎತ್ತಿ ಎತ್ತಿ ನಿಲ್ಲುತ್ತಿದ್ದರು. ಆ ಹುಡುಗಿ ನೆಲಕ್ಕೆ ಕೂತು, ಅವರ ಒಡೆದ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, "ಕಾಕಾ, ಇಲ್ಲಿ ಭಾರ ಹಾಕ್ರಿ. ಚೀಲ ಹೊರ್ತೀರಲ್ಲ, ಹಂಗೇ" ಅಂದಳು. ಅವರು ಹಾಕಿದರು, ನಿಂತರು. ಆಮೇಲೆ ಇಬ್ಬರೂ ಬಾಗಿದರು. ಕಾಕಾ ಸ್ವಲ್ಪ ಜಾಸ್ತಿಯೇ ಬಾಗಿದರು, ಅವಳು ನಕ್ಕುಬಿಟ್ಟಳು. ಈ ಸಲ ನಾನೂ ನಕ್ಕೆ.

ಸರಿ, ಪ್ರಶ್ನೆ ಇದ್ದರೆ ಕೇಳಿ. ಫೀಸಿನ ವಿಷಯ ಮಾತ್ರ ಹೊರಗೆ ಚಹಾ ಕುಡಿಯುತ್ತಾ ಮಾತಾಡೋಣ.